ಕಪಾಟಿನ ಘಟ್ಟ

ಕಪಾಟಿನ ಬಾಗಿಲು ತೆರೆಯಬೇಡಿ ಎಂದು ಸೊಸೆ ಹೇಳಿದ ಮಾತಿನಿಂದಲೇ ಎಲ್ಲವೂ ಶುರುವಾಯಿತು. ಆ ಮಾತನ್ನು ಬೇರೆ ಯಾರಿಗೆ ಹೇಳಿದ್ದರೂ ಏನೂ ಆಗುತ್ತಿರಲಿಲ್ಲ.

ಮಹಾನವಮಿ ಅಮಾವಾಸ್ಯೆ ಕಳೆದ ಮರುದಿನ ಬೆಳಗ್ಗೆ ಸಂಯುಕ್ತಾ ವೆರಿಬೀ ಬಡಾವಣೆಯ ಮನೆಯ ಅಡುಗೆಕೋಣೆಯಲ್ಲಿ ನಿಂತೇ ಚಹಾ ಕುಡಿಯುತ್ತಿದ್ದಳು. ಅವಳ ಆಫೀಸು ಊರಿನ ಇನ್ನೊಂದು ತುದಿಯ ಡ್ಯಾಂಡಿನಾಂಗಿನಲ್ಲಿ, ಒಂದು ಗೋದಾಮಿನೊಳಗೆ. ರೈಲು ಬದಲಿಸಿ ಹೋಗಬೇಕು. ಹಾಗಾಗಿ ಬೆಳಗಿನ ಹೊತ್ತು ಅವಳ ಮಾತೆಲ್ಲ ಅರ್ಧಂಬರ್ಧ.

"ಅತ್ತಿ, ಆ ಟವೆಲ್ ಇಡೋ ಕಪಾಟಿನ ಬಾಗಿಲಾ ತೆರೀಬ್ಯಾಡ್ರಿ ಮತ್ತ. ಒಳಗ ಗೋದಿ ಹಾಕಿಟ್ಟೇವಿ. ಬೆಳಕು ಬೀಳಬಾರದು."

ಮಲ್ಲವ್ವ ಪಾತ್ರೆ ಒರೆಸುತ್ತಿದ್ದವಳು ಕೈ ನಿಲ್ಲಿಸಿದಳು. "ಎಲ್ಲೀತನಕ?"

"ಹಬ್ಬ ಮುಗೀತನಕ ಅಂತ ತಿಳ್ಕೋರಿ." ಸಂಯುಕ್ತಾ ಚೀಲ ಹೆಗಲಿಗೆ ಹಾಕಿಕೊಂಡು ಹೋಗಿಯೇಬಿಟ್ಟಳು.

ನವಲಗುಂದದ ಮನೆಗೆ ಮಲ್ಲವ್ವ ಸೊಸೆಯಾಗಿ ಬಂದ ಮೊದಲ ವರ್ಷ ಅವಳ ಅತ್ತೆ ದೇವರ ಕೋಣೆಯ ಬಾಗಿಲು ಎಳೆದುಕೊಂಡು ಹೇಳಿದ್ದೂ ಇವೇ ಮಾತು. ಗೋದಿ ಹಾಕೇನಿ, ಬಾಗಿಲಾ ತೆರೀಬ್ಯಾಡ, ಬೆಳಕು ಬೀಳಬಾರದು. ಹೊಲದ ಮಣ್ಣು ತಂದು ಪತ್ರಾವಳಿಯ ಮೇಲೆ ಹರಡಿ, ಕಾಳು ಚೆಲ್ಲಿ, ನಡುವೆ ನೀರಿನ ತಂಬಿಗೆ ಇಟ್ಟರೆ ಘಟ್ಟ ಕೂತಂತೆ. ಕತ್ತಲೆಯಲ್ಲಿ ಬೆಳೆದ ಸಸಿ ಹಸಿರಾಗುವುದಿಲ್ಲ, ಹಳದಿಯಾಗುತ್ತದೆ. ಅದು ಎಷ್ಟು ಹಳದಿಯಾದರೆ ಅಷ್ಟು ಚಲೋ. ಬನ್ನಿ ಹಬ್ಬದ ದಿನ ಅದನ್ನು ಕೊಯ್ದು ದೇವಿಗೆ ಏರಿಸಿ, ಗಂಡಸರು ಟೊಪ್ಪಿಗೆಗೆ, ಹೆಂಗಸರು ಹೆರಳಿಗೆ ಸಿಕ್ಕಿಸಿಕೊಳ್ಳುತ್ತಿದ್ದರು. ಈ ದೇಶಕ್ಕೆ ಬಂದ ಮೇಲೆ ಆ ಪದ್ಧತಿ ತಪ್ಪಿಹೋಗಿತ್ತು. ಹಾಕೋಣವೇ ಎಂದು ಕೇಳುವುದಕ್ಕೆ ಮಲ್ಲವ್ವನಿಗೆ ಬಾಯಿ ಬಂದಿರಲಿಲ್ಲ. ಈ ಮನೆಯಲ್ಲಿ ಅವಳು ಏನನ್ನಾದರೂ ಕೇಳಿದರೆ ಎಲ್ಲರೂ ಪ್ರೀತಿಯಿಂದಲೇ, ಆದರೆ ಬಹಳ ಬೇಗ ಬೇಗ ತಿಳಿಸಿ ಹೇಳುತ್ತಿದ್ದರು. ಅವಳು ತಿಳಿಯದಿದ್ದರೂ ಹೂಂ ಎನ್ನುತ್ತಿದ್ದಳು.

ಈಗ ಸೊಸೆ ತಾನಾಗಿಯೇ ಹಾಕಿದ್ದಾಳೆ. ಮಲ್ಲವ್ವ ಅಂದಿನಿಂದ ಒಂದೇ ಹೊತ್ತು ಉಣ್ಣತೊಡಗಿದಳು. ಸಂಜೆ ಟವೆಲ್ಲಿನ ಕಪಾಟಿನ ಮುಂದೆ ನೆಲ ಒರೆಸಿ, ಯಾರೂ ಕಾಣದ ಹಾಗೆ ಒಂದು ಗೆರೆ ರಂಗೋಲಿ ಎಳೆದಳು.

ಅಡುಗೆಮನೆಯ ಕಿಟಕಿಯಲ್ಲಿ ಇನ್ನೊಂದು ಪ್ಲಾಸ್ಟಿಕ್ ಕಪ್ಪಿನಲ್ಲೂ ಗೋದಿ ಮೊಳೆತಿತ್ತು. ಅದು ಗಿಡ್ಡಗೆ, ಹಸಿರಾಗಿತ್ತು. ಮೊಮ್ಮಗಳು ಇಂಚರಾ ದಿನವೂ ಅದಕ್ಕೆ ಚಮಚದಲ್ಲಿ ಅಳೆದು ನೀರು ಹಾಕುತ್ತಿದ್ದಳು. ಮಳೆಯಿಲ್ಲದೆ ಊರಲ್ಲೆಲ್ಲ ನೀರಿಗೆ ಕಟ್ಟಳೆ ಇದ್ದ ವರ್ಷ ಅದು. ಜಳಕದ ಮನೆಯ ಬಕೆಟ್ಟಿನಿಂದ ನೀರು ಎತ್ತಿಕೊಳ್ಳುವಾಗ ಹುಡುಗಿ ನಾಲಿಗೆ ಕಚ್ಚಿಕೊಂಡು ಚಮಚ ಹಿಡಿಯುತ್ತಿದ್ದುದನ್ನು ಮಲ್ಲವ್ವ ನೋಡುತ್ತಿದ್ದಳು. ಅದು ಸಾಲಿಯದು ಎಂದು ಅವಳಿಗೆ ಗೊತ್ತಿತ್ತು. ಕಪಾಟಿನದು ದೇವರದು, ರಾತ್ರಿ ದೀಪ ಆರಿಸಿ ಅದಕ್ಕೆ ಸೊಸೆಯೇ ನೀರು ಹಾಕುತ್ತಿದ್ದಳು. ಎರಡೂ ಒಂದೇ ಲೆಕ್ಕದವು ಎಂದು ಅವಳಿಗೆ ಹೊಳೆಯಲಿಲ್ಲ, ಯಾರೂ ಹೇಳಲೂ ಇಲ್ಲ. ಹೇಳಿದ್ದರೂ ಇಂಗ್ಲಿಷಿನಲ್ಲಿ, ಊಟದ ಮೇಜಿನ ಮೇಲೆ, ಅವಳ ತಲೆಯ ಆಚೆಗೆ ಹೇಳಿದ್ದರು.

ಇಂಚರಾ ಕ್ಲಾಸಿನಲ್ಲಿ ತುಟಿ ಬಿಚ್ಚದ ಹುಡುಗಿ. ಪ್ರತಿ ಸಲ ಟೀಚರನ್ನು ಕಂಡು ಬಂದಾಗಲೂ ಅವಳ ಅಪ್ಪ ಶಿವಪ್ರಕಾಶ ಮಂಕಾಗಿ ಬರುತ್ತಿದ್ದ. ಆದರೆ ಆ ವಾರ ಅವಳ ಬಾಯಿಗೆ ಬಿಡುವಿರಲಿಲ್ಲ. ಊಟಕ್ಕೆ ಕೂತರೂ ಬೀಜ, ಬೇರು, ಬೆಳಕು.

"ಸೋಮವಾರ ಕ್ಲಾಸಿನ್ಯಾಗ ಎದ್ದ ನಿಂತು ಮಾತಾಡ್ತಾಳಂತ ನೋಡವ್ವ," ಎಂದ ಶಿವಪ್ರಕಾಶ. "ಯಾರೂ ಹೇಳಿಲ್ಲ. ತಾನ ಕೈ ಎತ್ಯಾಳ."

"ಏನಂತ ಮಾತಾಡ್ತಾಳ?"

"ಗಿಡದ ಬಗ್ಗೆ. ದೊಡ್ಡಾಕ್ಯಾದ ಮ್ಯಾಲೆ ಬಯಾಲಜಿ ಓದ್ತಾಳಂತ. ಹೋದ ವಾರ ನಾಯಿ ಸಾಕ್ತೇನಿ ಅಂತಿದ್ಲು."

"ಡಾಗ್ ಆಲ್ಸೋ," ಎಂದಳು ಇಂಚರಾ, ತಟ್ಟೆಯಿಂದ ತಲೆ ಎತ್ತದೆ.

"ರೆಂಟ್ ಮನಿ ಇದು. ಓನರ್ ಮೊದಲು ನಮ್ಮನ್ನ ಹೊರಗ ಹಾಕ್ತಾನ, ಆಮ್ಯಾಲೆ ನಾಯೀನ್ನ."

ಮಲ್ಲವ್ವ ನಕ್ಕಳು. ಡಾಗ್ ಎಂಬ ಮಾತು ಆ ಮನೆಯಲ್ಲಿ ದಿನವೂ ಕೇಳಿ ಅವಳಿಗೂ ರೂಢಿಯಾಗಿತ್ತು.

ಬನ್ನಿ ಹಬ್ಬ ರವಿವಾರ ಬಿದ್ದಿತ್ತು. ಮಗಳು ಶೀತಲ ಸಿಡ್ನಿಯ ವೆಸ್ಟ್‌ಮೀಡಿನಲ್ಲಿ ನರ್ಸು. ಹಬ್ಬ ಅವಳ ಮನೆಯಲ್ಲೆಂದು ಮೊದಲೇ ಗೊತ್ತಾಗಿತ್ತು, ಶನಿವಾರದ ವಿಮಾನಕ್ಕೆ ಟಿಕೆಟ್ಟು ಬುಕ್ ಮಾಡಿದ್ದರು. ಹೊರಡುವ ದಿನ ನಸುಕಿನಲ್ಲೇ ಮಲ್ಲವ್ವ ಜಳಕ ಮಾಡಿ, ಒಂದು ದಿನ ಮೊದಲೇ ಕೊಯ್ಯುತ್ತಿರುವುದಕ್ಕೆ ದೇವಿಯ ಕ್ಷಮೆ ಕೇಳಿ, ಕಪಾಟಿನ ಬಾಗಿಲು ತೆರೆದಳು.

ಟವೆಲ್ಲುಗಳ ಕೆಳಗಿನ ಖಾನೆಯಲ್ಲಿ, ಒಂದು ಪ್ಲಾಸ್ಟಿಕ್ ಕಪ್ಪಿನ ತುಂಬ ಸಸಿಗಳು ನಿಂತಿದ್ದವು. ಗೇಣಿಗಿಂತ ಎತ್ತರ. ತೆಳ್ಳಗೆ, ಒಂದರ ಮೇಲೊಂದು ವಾಲಿಕೊಂಡು, ಅರಿಶಿಣದಲ್ಲಿ ಅದ್ದಿ ತೆಗೆದ ಹಾಗೆ. ಅವಳ ಅತ್ತೆಯ ಕೈಯಲ್ಲೂ ಅಷ್ಟು ಚೆಂದ ಬಂದಿರಲಿಲ್ಲ. ಅವಳು ಕತ್ತರಿಯಿಂದ ಬುಡಕ್ಕೆ ಕೊಯ್ದು, ಒದ್ದೆ ಬಟ್ಟೆಯಲ್ಲಿ ಸುತ್ತಿ, ಸ್ಟೀಲ್ ಡಬ್ಬಿಯಲ್ಲಿ ಮಲಗಿಸಿ ಮುಚ್ಚಿದಳು. ಮಣ್ಣು ತುಳಿಯುವ ಜಾಗದಲ್ಲಿ ಇರಬಾರದೆಂದು ಆ ಕಪ್ಪನ್ನು ಹಿತ್ತಲಿನ ಗೋಡೆಯ ಮೇಲೆ ಇಟ್ಟಳು.

ಟ್ಯಾಕ್ಸಿ ಬಂದು ನಿಂತಾಗ ಇಂಚರಾ ಓಡಿಹೋಗಿ ಕಪಾಟಿನ ಬಾಗಿಲ ಮೇಲೆ ಅಂಗೈ ಇಟ್ಟಳು. ತೆರೆಯಲಿಲ್ಲ. ಬೆಳಕು ಬೀಳಬಾರದಲ್ಲ. ಮುಚ್ಚಿದ ಬಾಗಿಲಿಗೆ ಮೆಲ್ಲಗೆ ಏನೋ ಹೇಳಿ ಬಂದಳು. ಹುಡುಗಿಗೂ ದೇವರ ಮೇಲೆ ಭಕ್ತಿ ಬಂತಲ್ಲ ಎಂದು ಮಲ್ಲವ್ವನ ಕಣ್ಣು ಒದ್ದೆಯಾದವು.

ಶೀತಲಳ ಫ್ಲಾಟು ಸ್ಟೇಷನ್ನಿಗೆ ಹತ್ತಿರ. ರವಿವಾರ ಮಧ್ಯಾಹ್ನ ಅಲ್ಲಿ ಕಾಲಿಡಲು ಜಾಗವಿರಲಿಲ್ಲ. ಆಸ್ಪತ್ರೆಯ ಡಾಕ್ಟರುಗಳು, ನರ್ಸುಗಳು, ಹುಬ್ಬಳ್ಳಿ ಬೆಳಗಾವಿ ಕಡೆಯ ಸಂಸಾರಗಳು. ಆರತಿಯಾದ ಮೇಲೆ ಮಲ್ಲವ್ವ ಡಬ್ಬಿ ತೆರೆದು, ಸಸಿಗಳನ್ನು ದೇವಿಯ ಪಟಕ್ಕೆ ಏರಿಸಿ, ಉಳಿದದ್ದನ್ನು ತಟ್ಟೆಯಲ್ಲಿ ಹರಡಿಕೊಂಡು ಎದ್ದಳು. ಅಷ್ಟು ಜನರ ಮುಂದೆ ಅವಳು ತಾನಾಗಿ ಎದ್ದದ್ದು ಅದೇ ಮೊದಲು.

"ಇಲ್ಲೆ ಬನ್ನಿ ಗಿಡ ಇಲ್ಲ. ಘಟ್ಟದ ಸಸಿ ತಂದೇನಿ. ಬಂಗಾರ ತಗೊಂಡು ಬಂಗಾರದಾಂಗ ಇರ್ರಿ."

ಜನ ಎದ್ದು ನಿಂತು ತೆಗೆದುಕೊಂಡರು. ಕೆಲವರು ಅವಳ ಕಾಲು ಮುಟ್ಟಿದರು. ಬೆಳಗಾವಿಯ ರುದ್ರಪ್ಪ ಎಂಬ ಮುದುಕರು ತಮ್ಮ ಕರಿ ಟೊಪ್ಪಿಗೆಯ ಅಂಚಿಗೆ ಸಿಕ್ಕಿಸಿಕೊಂಡು, "ಎಷ್ಟ ವರ್ಷಾತವ್ವ ಇದನ್ನ ನೋಡಿ," ಎಂದರು. ಆಸ್ಪತ್ರೆಯಲ್ಲಿ ಸಂಶೋಧನೆ ಮಾಡುವ ಮೈಸೂರು ಕಡೆಯ ಗೋಪೀನಾಥ ಒಂದು ಎಸಳನ್ನು ಅಂಗಿಯ ಜೇಬಿಗೆ ಇಟ್ಟುಕೊಂಡು, "ಆಂಟಿ, ಇದಕ್ಕೆ ಮೇಕಿಂಗ್ ಚಾರ್ಜ್ ಎಷ್ಟು?" ಎಂದು ನಗಿಸಿದ. ಮಲ್ಲವ್ವ ಮಗಳ ಹೆರಳಿಗೆ ತಾನೇ ಸಿಕ್ಕಿಸಿದಳು.

ಆ ಹೊತ್ತಿಗೆ ಬಾಲ್ಕನಿಯಲ್ಲಿ ಆಡುತ್ತಿದ್ದ ಮಕ್ಕಳು ಒಳಗೆ ಬಂದವು. ಇಂಚರಾ ಶೀತಲಳ ಹೆರಳು ನೋಡಿದಳು. ರುದ್ರಪ್ಪನವರ ಟೊಪ್ಪಿಗೆ ನೋಡಿದಳು. ತಟ್ಟೆ ನೋಡಿದಳು.

"ಆಯಿ," ಎಂದಳು ಅಜ್ಜಿಯನ್ನು ನೋಡಿ. "ಇಸ್ ದಟ್ ಮೈನ್?"

ಹುಡುಗಿ ತನಗೂ ಒಂದು ಬೇಕೆಂದು ಕೇಳುತ್ತಿದ್ದಾಳೆ ಎಂದು ಮಲ್ಲವ್ವ ಅಂದುಕೊಂಡಳು. ಎಲ್ಲಕ್ಕಿಂತ ಉದ್ದನೆಯದನ್ನು ಆರಿಸಿ ಅವಳ ಕಿವಿಯ ಹಿಂದೆ ಇಡಲು ಹೋದಳು. ಇಂಚರಾ ಹಿಂದಕ್ಕೆ ಸರಿದಳು.

ಸಂಯುಕ್ತಾಳ ಮುಖದ ಬಣ್ಣ ಹೋಗಿತ್ತು. "ಅತ್ತಿ, ಇದು ಎಲ್ಲಿಂದ ಬಂತ್ರಿ?"

"ನೀನ ಹಾಕಿದ್ದಿಯಲ್ಲವಾ. ಕಪಾಟಿನ ಘಟ್ಟ."

"ಘಟ್ಟ ಅಲ್ರಿ ಅದು. ಇಂಚರಾನ ಸಾಲೀದು. ನಾಳೆ ಒಯ್ಯಬೇಕಿತ್ತು."

ಗೋಪೀನಾಥ ಮೆಲುದನಿಯಲ್ಲಿ, ಏನೂ ಆಗಿಲ್ಲವೆಂಬಂತೆ ಹೇಳತೊಡಗಿದ. "ಚಿಕ್ಕ ಎಕ್ಸ್‌ಪೆರಿಮೆಂಟು ಆಂಟಿ. ಒಂದು ಕಪ್ಪು ಬೆಳಕಲ್ಲಿ ಇಡೋದು, ಇನ್ನೊಂದು ಕತ್ಲಲ್ಲಿ. ಗಿಡಕ್ಕೆ ಬೆಳಕಿಂದಾನೇ ಊಟ ಅಂತ ಮಕ್ಕಳಿಗೆ ತೋರಿಸೋಕೆ. ಕತ್ಲಲ್ಲಿರೋದು ಬೆಳಕು ಹುಡುಕ್ಕೊಂಡು ಸುಮ್ನೆ ಉದ್ದ ಆಗತ್ತೆ, ಹಳದಿ ಆಗತ್ತೆ."

"ದೇ ಆರ್ ಸ್ಟಾರ್ವಿಂಗ್," ಎಂದಳು ಇಂಚರಾ. ಅವಳು ಅಳುತ್ತಿರಲಿಲ್ಲ. ಸೋಮವಾರ ಕ್ಲಾಸಿನಲ್ಲಿ ಹೇಳಲೆಂದು ಕಲಿತಿಟ್ಟುಕೊಂಡ ಮಾತು ಅದು, ಬಾಯಿಗೆ ತಾನೇ ಬಂದುಬಿಟ್ಟಿತ್ತು.

"ಏನಂತಾಳ?" ಮಲ್ಲವ್ವ ಒಬ್ಬೊಬ್ಬರ ಮುಖ ನೋಡಿದಳು. ಮತ್ತೆ ಕೇಳಿದಳು.

ಕಡೆಗೆ ಶಿವಪ್ರಕಾಶ ಹೇಳಿದ. "ಅವು ಉಪವಾಸ ಬಿದ್ದಾವ ಅಂತಾಳವ್ವ."

ತಟ್ಟೆ ಮಲ್ಲವ್ವನ ಕೈಯಲ್ಲೇ ಇತ್ತು. ಆಮೇಲೆ ಆದದ್ದು ಅದಕ್ಕಿಂತ ಕಷ್ಟದ್ದು. ಶೀತಲ ತನ್ನ ಹೆರಳಿನಿಂದ ಎಸಳು ತೆಗೆದು ತಟ್ಟೆಯಲ್ಲಿ ಇಟ್ಟಳು. ಪಕ್ಕದವಳೂ ಇಟ್ಟಳು. ಮಗುವಿಗೆ ಬೇಕಾಗಬಹುದು, ದಾರ ಕಟ್ಟಿ ನಿಲ್ಲಿಸಬಹುದೇನೋ ಎನ್ನುತ್ತ ಒಬ್ಬೊಬ್ಬರೇ ಬಂದರು. ಗೋಪೀನಾಥ ಜೇಬಿನಿಂದ ತೆಗೆದು, ಬಾಡಿದ್ದನ್ನು ಬೆರಳಿನಿಂದ ನೇರ ಮಾಡಿ ಇಟ್ಟ. ಬೇಕೆಂದು ಅವಳು ಯಾರನ್ನೂ ಕೇಳಿರಲಿಲ್ಲ. ಎಲ್ಲರೂ ಒಳ್ಳೆಯ ಮನಸ್ಸಿನಿಂದಲೇ ಕೊಡುತ್ತಿದ್ದರು. ಕೊಟ್ಟ ಬಂಗಾರ ತಿರುಗಿ ಬರುವುದನ್ನು ಮಲ್ಲವ್ವ ತಟ್ಟೆ ಹಿಡಿದುಕೊಂಡು ನಿಂತು ನೋಡಿದಳು. ಕೂಡೋಣವೆಂದರೆ ತಟ್ಟೆ ಇಡಲು ಜಾಗವಿರಲಿಲ್ಲ.

ರುದ್ರಪ್ಪನವರು ಮಾತ್ರ ಟೊಪ್ಪಿಗೆಯ ಮೇಲೆ ಕೈ ಇಟ್ಟುಕೊಂಡರು. "ನಾ ಕೊಡೂದಿಲ್ಲವ್ವ. ನೀ ದೇವಿಗೆ ಏರಿಸಿ ಕೊಟ್ಟೀದಿ."

ಅದರಿಂದ ಅವಳಿಗೆ ಸಮಾಧಾನವಾಗಲಿಲ್ಲ. ಇನ್ನೂ ತಲೆ ತಗ್ಗಿತು.

ತಿರುಗಿ ಬರುವ ವಿಮಾನದಲ್ಲಿ ಇಂಚರಾ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು. ನಡುವೆ ಶಿವಪ್ರಕಾಶ. ಮಲ್ಲವ್ವ ಈಚೆ ತುದಿಯಲ್ಲಿ, ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಅವಳಿಗೆ ಎರಡನೆಯ ಇಯತ್ತೆಯ ಸಾಲಿ ನೆನಪಾಯಿತು. ಅಷ್ಟಕ್ಕೇ ಬಿಡಿಸಿದ ಮೇಲೆ ಅವಳು ಮನೆಯೊಳಗೇ ಇದ್ದಳು. ದೊಡ್ಡವಳಾದ ಮೇಲಂತೂ ಹಿತ್ತಲಿಗೂ ಬಿಡಲಿಲ್ಲ. ನೋಡಲು ಬಂದ ಬೀಗರು ಅವಳ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿ, ಹುಡುಗಿ ಬಂಗಾರದ ಬಣ್ಣ ಐತಿ ಎಂದಿದ್ದರು. ಅವಳ ಅವ್ವ ಎಷ್ಟು ಹಿಗ್ಗಿದ್ದಳು. ಈಗ ಅದು ಯಾಕೆ ನೆನಪಿಗೆ ಬಂತೋ ಎಂದು ಮಲ್ಲವ್ವ ಸೆರಗನ್ನು ಮೊಣಕೈವರೆಗೆ ಎಳೆದುಕೊಂಡಳು.

"ಶಿವ್ಯಾ," ಎಂದಳು ಮೆಲ್ಲಗೆ. "ನಾ ಕೊಯ್ದೆ ಅನ್ನೂದಕ್ಕ ಇಂಗ್ಲೀಷಿನ್ಯಾಗ ಏನಂತಾರ?"

"ಐ ಕಟ್."

"ಅಷ್ಟ?"

"ಅಷ್ಟ. ಯಾಕವ್ವ?"

"ತಪ್ಪಾತು ಅನ್ನೂದಕ್ಕ?"

"ಸಾರಿ. ಅದು ನಿನಗ ಬರ್ತದಲ್ಲ, ಬಸ್ಸಿನ್ಯಾಗ ಎಲ್ಲರಿಗೂ ಅಂತಿರ್ತಿ."

"ನಾಳೆ ಟೀಚರ್‌ಗೆ ನಾನ ಹೇಳ್ತೇನಿ. ಹುಡುಗಿ ಮ್ಯಾಲೆ ಬರಬಾರದು."

ಕಿಟಕಿಯ ಕಡೆ ಇದ್ದ ಮುಖ ತಿರುಗಲಿಲ್ಲ. ಆದರೆ ಹುಡುಗಿಗೆ ಕನ್ನಡ ತಿಳಿಯುತ್ತಿತ್ತು. "ಪಪ್ಪಾ, ಟೆಲ್ ಹರ್ ನಾಟ್ ಟು," ಎಂದಳು.

"ಏನಂತಾಳ?"

"ಏನಿಲ್ಲವ್ವ," ಎಂದ ಶಿವಪ್ರಕಾಶ.

ಸೋಮವಾರ ಬೆಳಗ್ಗೆ ಇಂಚರಾ ಕಿಟಕಿಯ ಕಪ್ಪನ್ನೂ ಹಿತ್ತಲಿನ ಕಪ್ಪನ್ನೂ ರಟ್ಟಿನ ಡಬ್ಬದಲ್ಲಿಟ್ಟುಕೊಂಡು ಸಾಲಿಗೆ ಹೋದಳು. ಬಿಸಿಲಿನಲ್ಲಿದ್ದುದರಿಂದ ಕೊಯ್ದು ಉಳಿದ ಕೂಳೆಯ ತುದಿ ಹಸಿರಾಗತೊಡಗಿತ್ತು. ಕತ್ತಲೆಯ ಕಪ್ಪು ಎಂದು ಹೇಳಿಕೊಳ್ಳುವುದಕ್ಕೂ ಅದು ಉಳಿದಿರಲಿಲ್ಲ. ದಾರ ಕಟ್ಟಿ ನಿಲ್ಲಿಸುವ ಮಾತನ್ನು ಯಾರೂ ಎತ್ತಲಿಲ್ಲ.

ಮಧ್ಯಾಹ್ನ ಹುಡುಗಿಯನ್ನು ಕರೆತರುವುದು ದಿನವೂ ಮಲ್ಲವ್ವನ ಕೆಲಸ. ಬೇರೆ ದಿನ ಅವಳು ಗೇಟಿನಾಚೆ ನಿಲ್ಲುತ್ತಿದ್ದಳು. ಅಂದು ಗಿಡ ನೋಡಲು ಮನೆಯವರನ್ನೂ ಒಳಗೆ ಕರೆದಿದ್ದರು. ಅವಳು ಇಳಕಲ್ ಸೀರೆ ಉಟ್ಟು, ದಾರಿಯುದ್ದಕ್ಕೂ ಐ ಕಟ್, ಸಾರಿ, ಐ ಕಟ್, ಸಾರಿ ಎಂದುಕೊಳ್ಳುತ್ತ ಹೋಗಿ, ಬಾಗಿಲ ಬಳಿ ಬೇರೆ ತಾಯಂದಿರ ಹಿಂದೆ ನಿಂತಳು.

ಕ್ಲಾಸಿನ ಮೇಜುಗಳ ಮೇಲೆ ಜೋಡಿ ಜೋಡಿ ಕಪ್ಪುಗಳಿದ್ದವು. ಪ್ರತಿ ಜೋಡಿಯಲ್ಲೂ ಒಂದು ಹಸಿರು, ಒಂದು ಹಳದಿ. ಒಂದು ಮೇಜಿನ ಮೇಲೆ ಹಸಿರು ಮತ್ತು ಬೋಳು. ಕೋಣೆಗೆ ಕೋಣೆಯೇ ಘಟ್ಟ ಹಾಕಿದ ಹಾಗಿದೆ ಎಂದು ಅವಳಿಗೆ ಅನ್ನಿಸಿತು. ಹಾಗೆ ಅನ್ನಿಸಿದ್ದಕ್ಕೂ ನಾಚಿಕೆಯಾಯಿತು.

ಇಂಚರಾಳ ಸರದಿ ಬಂತು. ಅವಳು ಎದ್ದು ನಿಂತು ಎರಡು ಕಪ್ಪುಗಳನ್ನೂ ಎತ್ತಿ ಹಿಡಿದಳು. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಟೀಚರು ಬೋಳು ಕಪ್ಪನ್ನು ತೋರಿಸಿ ನಗುತ್ತಲೇ ಏನೋ ಕೇಳಿದಳು. ಇಂಚರಾ ಬಾಗಿಲ ಕಡೆ ಒಮ್ಮೆ ನೋಡಿದಳು. ಇಳಕಲ್ ಸೀರೆಯನ್ನು, ಸೆರಗು ಹೊದ್ದ ತಲೆಯನ್ನು, ಆಡಲು ಸಿದ್ಧವಾಗಿದ್ದ ಆ ಬಾಯಿಯನ್ನು ನೋಡಿ, ಕಣ್ಣು ತೆಗೆದು ಹೇಳಿದಳು.

ಮಲ್ಲವ್ವನಿಗೆ ಅದರಲ್ಲಿ ಒಂದೇ ಮಾತು ತಿಳಿಯಿತು. ಡಾಗ್.

ಮಕ್ಕಳೆಲ್ಲ ನಕ್ಕರು. ಈ ಸಲ ಚುಚ್ಚುವ ನಗೆಯಲ್ಲ. ನಾಯಿ ತಿಂದ ಕಥೆ ಎಲ್ಲರಿಗೂ ಹಿಡಿಸಿತ್ತು. ಟೀಚರೂ ನಕ್ಕು, ಕೂಳೆಯ ಹಸಿರು ತುದಿಯನ್ನು ಬೆರಳಿನಿಂದ ತೋರಿಸಿ ಮಕ್ಕಳಿಗೆ ಏನೋ ಹೇಳಿದಳು. ಇಂಚರಾ ಅದನ್ನೇ ಬಗ್ಗಿ ನೋಡಿದಳು, ಆಮೇಲೆ ಮಾತಾಡಿದಳು ಕೂಡ. ನಿಲ್ಲದೆ, ಸ್ಪಷ್ಟವಾಗಿ, ಕಪ್ಪು ಎತ್ತಿ ತೋರಿಸುತ್ತ. ಎಲ್ಲರೂ ಕೇಳಿದರು. ಮಲ್ಲವ್ವ ಬಾಯೊಳಗಿನ ಮಾತನ್ನು ಹಾಗೇ ಹಿಡಿದುಕೊಂಡು ನಿಂತಳು. ಈಗ ಅದನ್ನು ಆಡಿದರೆ ಹುಡುಗಿ ಸುಳ್ಳಿಯಾಗುತ್ತಾಳೆ.

ಎಲ್ಲ ಮುಗಿದು ಮಕ್ಕಳು ಚೀಲ ಏರಿಸುವಾಗ ಟೀಚರು ಬಾಗಿಲ ಬಳಿ ಬಂದಳು. ಎಳೆಯ ಹುಡುಗಿಯೇ, ಶೀತಲಳಿಗಿಂತ ಚಿಕ್ಕವಳು. ಮಲ್ಲವ್ವನ ಕೈ ಹಿಡಿದು, ಇಂಚರಾ ಎಷ್ಟು ಚೆನ್ನಾಗಿ ಮಾತಾಡಿದಳೆಂದು ಮುಖದಲ್ಲೇ ಹೇಳಿದಳು. ಆಮೇಲೆ ಬೆರಳಾಡಿಸಿ, ತುಂಟತನ ಮಾಡಿತಲ್ಲವೇ ಎಂಬಂತೆ ಕೇಳಿದಳು. "ಯುವರ್ ಡಾಗ್. ವಾಟ್ಸ್ ಹಿಸ್ ನೇಮ್?"

ನೇಮ್ ಎಂದರೆ ಮಲ್ಲವ್ವನಿಗೆ ಗೊತ್ತಿತ್ತು. ಈ ದೇಶದಲ್ಲಿ ಮೊದಲು ಕೇಳುವುದೇ ಅದನ್ನು. ಅವಳು ಟೀಚರ ಹಿಂದೆ ನಿಂತಿದ್ದ ಇಂಚರಾಳನ್ನು ನೋಡಿದಳು. ಹುಡುಗಿಯ ಕಿವಿಯ ತನಕ ಕೆಂಪೇರಿತ್ತು. ನಾಯಿಗೆ ಒಂದು ಹೆಸರು ಬೇಕಾಗಿತ್ತು, ಬೇಗ ಬೇಕಾಗಿತ್ತು.

"ಮಲ್ಲವ್ವ," ಎಂದಳು ಅಜ್ಜಿ.

"ಮಲಾವಾ," ಎಂದಳು ಟೀಚರು. "ಲವ್ಲಿ ನೇಮ್." ಅಲ್ಲೇ ಇದ್ದ ಪೆನ್ನು ತೆಗೆದುಕೊಂಡು ಬೋಳು ಕಪ್ಪಿಗೆ ಅಂಟಿಸಿದ್ದ ಚೀಟಿಯ ಮೇಲೆ ನಗುತ್ತ ಅದನ್ನು ಬರೆದೂಬಿಟ್ಟಳು.

ಅಜ್ಜಿ ಮೊಮ್ಮಗಳು ಗೇಟಿನ ತನಕ ನಡೆದರು. ಬಿಸಿಲು ಚುರುಕಾಗಿತ್ತು, ಮೈದಾನದ ಹುಲ್ಲು ಒಣಗಿ ನೆಲ ಕಾಣುತ್ತಿತ್ತು. ಗೇಟಿನ ಬಳಿ ಇಂಚರಾ ನಿಂತಳು. ಚೀಲ ಇಳಿಸಿ ಅಜ್ಜಿಯ ಕೈಗೆ ಕೊಟ್ಟು ತಿರುಗಿ ಓಡಿದಳು.

ಕ್ಲಾಸಿನ ಗಾಜಿನ ಆಚೆ ಮಲ್ಲವ್ವನಿಗೆ ಇಬ್ಬರೂ ಕಂಡರು. ಹುಡುಗಿ ತಲೆ ತಗ್ಗಿಸಿ ಏನೋ ಹೇಳುತ್ತಿದ್ದಳು. ಟೀಚರು ಮೊದಲು ನಿಂತೇ ಇದ್ದಳು, ಆಮೇಲೆ ಮಂಡಿಯೂರಿ ಕೂತಳು. ಹುಡುಗಿ ಕಪ್ಪಿನ ಚೀಟಿಯನ್ನು ಬೆರಳಿನಿಂದ ಮುಟ್ಟಿ ತೋರಿಸಿದಳು. ಟೀಚರು ಬಾಯಿಯ ಮೇಲೆ ಕೈ ಇಟ್ಟುಕೊಂಡು ಗಾಜಿನ ಮೂಲಕ ಗೇಟಿನ ಕಡೆ ನೋಡಿದಳು. ಮಲ್ಲವ್ವ ಬೇಲಿಯ ಕಂಬದ ಮರೆಗೆ ಸರಿದಳು.

ಇಂಚರಾ ಬಂದಾಗ ಕಣ್ಣು ಕೆಂಪಾಗಿದ್ದವು, ಕೈಯಲ್ಲಿ ಆ ಬೋಳು ಕಪ್ಪಿತ್ತು. ಚೀಟಿ ಹರಿದು ತೆಗೆದಿದ್ದಳು, ಅಂಟು ಮಾತ್ರ ಉಳಿದಿತ್ತು.

"ಏನಂದಿ?"

ಹುಡುಗಿ ತಡವರಿಸಿದಳು. ಕನ್ನಡವನ್ನು ಅವಳು ಕೇಳಿದ್ದೇ ಹೊರತು ಆಡಿದ್ದು ಕಡಿಮೆ.

"ನಾಯಿ ಇಲ್ಲ ಅಂದೆ, ಆಯಿ."

ಮಲ್ಲವ್ವ ಚೀಲವನ್ನು ತನ್ನ ಹೆಗಲಿಗೇ ಹಾಕಿಕೊಂಡಳು. ನಾಳೆಯೂ ಇದೇ ಗೇಟಿಗೆ ಬರಬೇಕು, ಆ ಟೀಚರು ಇದೇ ದಾರಿಯಲ್ಲಿ ಎದುರಾಗುತ್ತಾಳೆ. ಸೆರಗನ್ನು ಹಣೆಯ ತನಕ ಎಳೆದುಕೊಂಡು ಅವಳು ಮುಂದೆ ನಡೆದಳು. ಇಂಚರಾ ಕಪ್ಪನ್ನು ಬಿಸಿಲಿನ ಕಡೆಗೆ ಹಿಡಿದುಕೊಂಡು ಹಿಂದೆ ಬಂದಳು.